ಪೆಡಲ್ ಬಿಡದ ಕಾಲು

ಬೆಳ್ಳಟ್ಟಿಯ ಹುಡುಗಿ ಮೂರನೆಯವಳಾಗಿ ಬರುವತನಕ ಯಾರೂ ಏನೂ ಅಂದಿರಲಿಲ್ಲ. ಕೊನೆಯವಳಾಗಿ ಬಂದಾಗೆಲ್ಲ ಹಾರ ಹಾಕಿದ್ದರು. ಗುಂಪಿನಿಂದ ಎಷ್ಟೋ ಹಿಂದೆ ಬಿದ್ದು, ಮುಖವೆಲ್ಲ ಧೂಳು ಮಾಡಿಕೊಂಡು ಗೆರೆ ದಾಟಿದಾಗ ಬೇರೆ ಹುಡುಗಿಯರ ತಂದೆತಾಯಿಗಳೂ ಎದ್ದುನಿಂತು ಚಪ್ಪಾಳೆ ತಟ್ಟಿದ್ದರು. ಆದರೆ ಗದಗದ ಹೊರಗೆ ನಡೆದ ಆ ರಸ್ತೆ ರೇಸಿನಲ್ಲಿ ಅವಳು ಮುಂದಿನ ಗುಂಪನ್ನು ಬಿಡದೆ ಹಿಡಿದಿದ್ದಳು. ಕೊನೆಯ ಏರಿನಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದು ಮೂರನೆಯವಳಾದಳು. ಅವತ್ತು ಚಪ್ಪಾಳೆ ಬರಲಿಲ್ಲ. ಗೆರೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ನಾನು ಅವಳ ನಂಬರನ್ನು ಮೂರನೆಯ ಸಾಲಿಗೆ ಬರೆದುಕೊಂಡೆ.

ನಾನು ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಕಲಿಸುವವಳು. ರಜೆಯ ದಿನಗಳಲ್ಲಿ ಸೈಕಲ್ ರೇಸುಗಳಿಗೆ ಮುಖ್ಯ ತೀರ್ಪುಗಾರ್ತಿ. ನಮ್ಮ ಕಡೆ ಸೈಕಲ್ ರೇಸು ಹುಡುಗಾಟದ ಮಾತಲ್ಲ. ಸೈಕಲ್ ತುಳಿದು ನೌಕರಿ ಹಿಡಿದವರನ್ನು ನೋಡಿಯೇ ಮಂದಿ ತಮ್ಮ ಮಕ್ಕಳನ್ನು ಬೆಳಗಿನ ಜಾವಕ್ಕೆ ಎಬ್ಬಿಸಿ ರಸ್ತೆಗೆ ಕಳಿಸುತ್ತಾರೆ. ಜಿಲ್ಲಾ ತಂಡದ ಆಯ್ಕೆಯ ರೇಸು ಹತ್ತಿರ ಬಂದಿತ್ತು. ತಂಡದಲ್ಲಿ ಜಾಗ ಕಡಿಮೆ. ಮೂರನೆಯವಳಾಗಿ ಒಬ್ಬಳು ಹೊಸದಾಗಿ ಬಂದಳೆಂದರೆ ಯಾರದೋ ಮನೆಯ ಮಗಳು ಹೊರಗೆ ಬಿದ್ದಳೆಂದೇ ಲೆಕ್ಕ.

ಬೆಳ್ಳಟ್ಟಿ ಹುಡುಗಿಯ ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಚಿಕ್ಕವಳಿದ್ದಾಗ ಟ್ರ್ಯಾಕ್ಟರಿನ ಅಡಿಗೆ ಸಿಕ್ಕು ಹೋಗಿತ್ತು. ಬೆಟಗೇರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದಳು. ನಡೆಯಲು ಒಂದು ಕಾಲು, ಸೈಕಲ್ಲಿಗೆ ಇನ್ನೊಂದು. ಸೈಕಲ್ಲಿನ ಕಾಲಿಗೆ ಪಾದವೇ ಇರಲಿಲ್ಲ. ಮೇಲೆ ಮೊಂಡುಗಾಲು ಕೂಡುವ ಬಟ್ಟಲು, ಅದರ ಕೆಳಗೊಂದು ಕೊಳವೆ, ಕೊಳವೆಯ ತುದಿಗೆ ನೇರವಾಗಿ ಪೆಡಲ್ಲಿಗೆ ಸಿಕ್ಕಿಕೊಳ್ಳುವ ಕೊಕ್ಕೆ. ಅಷ್ಟೇ.

ರೇಸು ಮುಗಿದ ಕೆಲವು ದಿನಕ್ಕೆ ಲಕ್ಷ್ಮೇಶ್ವರದಿಂದ ಒಬ್ಬರು ನನ್ನ ಮನೆಗೆ ಬಂದರು. ಬೀಜ-ಗೊಬ್ಬರದ ಅಂಗಡಿಯವರು, ತಾವೇ ಒಂದು ಕಾಲಕ್ಕೆ ಒಳ್ಳೆಯ ಸೈಕಲ್ ಪಟು. ಈಗ ತಮ್ಮ ಮಗಳಿಗೆ ತಾವೇ ತರಬೇತಿ ಕೊಡುತ್ತಿದ್ದರು. ಮೂರು ವರ್ಷದಿಂದ ನಮ್ಮ ಕಡೆಯ ಹುಡುಗಿಯರಲ್ಲಿ ಅವರ ಮಗಳೇ ಮೊದಲಿನವಳು. ಕೂತವರು ಚಹಾ ಮುಟ್ಟಲಿಲ್ಲ.

"ಮೇಡಂ, ನನಗ ಆ ಹುಡುಗಿ ಮ್ಯಾಲ ಏನೂ ಸಿಟ್ಟಿಲ್ರಿ. ಆದ್ರ ಒಂದ ಮಾತು ಹೇಳ್ರಿ. ನನ್ನ ಮಗಳ ಮೀನಖಂಡ ಸೋಲತೈತಿ, ನರ ಹಿಡಿತೈತಿ. ಆಕಿಗೆ ಸೋಲಾಕ ಮೀನಖಂಡನ ಇಲ್ಲ. ಪಾದದ ಭಾರ ಇಲ್ಲ, ಬೂಟಿನ ಭಾರ ಇಲ್ಲ. ನಾಳೆ ಇನ್ನೂ ಹಗರ ಸಾಮಾನ ತಂದು ಹಾಕ್ತಾರ. ಇದು ಕಾಲೋ ಮಷಿನ್ನೋ?"

"ಒಂದು ಕಾಲಿನ ತ್ರಾಣ ಇಲ್ಲದ ತುಳಿಯೋದು ಲಾಭ ಅಂತೀರೇನ್ರಿ?" ಅಂದೆ.

"ಲಾಭ ಐತೋ ಲುಕ್ಸಾನ ಐತೋ, ಅಳದು ತೋರಸ್ರಿ. ಅಳಿಯಾಕ ಬರಲಿಲ್ಲ ಅಂದ್ರ ಬ್ಯಾರೆ ಓಡಸ್ರಿ. ಆಕಿ ಕೊನೀಗೆ ಬರೂಮಟ ನಾವ್ಯಾರೂ ಕೇಳಲಿಲ್ಲ, ಅದು ನಮ್ಮ ತಪ್ಪು."

ಆ ಕೊನೆಯ ಮಾತನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ತಂಡ ಆರಿಸುವ ಜಿಲ್ಲಾ ಸಮಿತಿಗೆ ಅವರು ಮೊದಲೇ ದೂರು ಕೊಟ್ಟಾಗಿತ್ತು. ಪರೀಕ್ಷೆ ಮಾಡಿ ಹೇಳು ಎಂದು ಸಮಿತಿ ಕೆಲಸವನ್ನು ನನ್ನ ಕೊರಳಿಗೆ ಹಾಕಿತು.

ಬೆಟಗೇರಿಯ ಒಂದು ಶಾಲೆಯ ಸಭಾಂಗಣದಲ್ಲಿ ಪರೀಕ್ಷೆ ಇಟ್ಟೆವು. ಒಬ್ಬ ಮೂಳೆ ವೈದ್ಯರು, ನಾನು, ದೂರು ಕೊಟ್ಟ ತಂದೆ, ಅವರ ಮಗಳು, ಬೆಳ್ಳಟ್ಟಿ ಹುಡುಗಿ ಮತ್ತು ಅವಳಿಗೆ ಕೃತಕ ಕಾಲು ಮಾಡಿಕೊಟ್ಟ, ಎಲ್ಲರೂ ಚಾಚಾ ಅನ್ನುವ ಕುಶಲಕರ್ಮಿ. ನಿಂತಲ್ಲೇ ತುಳಿಯುವ ಹಾಗೆ ಹಿಂದಿನ ಗಾಲಿಯನ್ನು ರೋಲರಿನ ಮೇಲೆ ಕೂಡಿಸಿ, ಎಡಗಾಲು ಬಲಗಾಲುಗಳ ಬಲವನ್ನು ಬೇರೆಬೇರೆಯಾಗಿ ತೋರಿಸುವ ಪೆಡಲ್ಲುಗಳನ್ನು ಹುಬ್ಬಳ್ಳಿಯಿಂದ ಎರವಲು ತರಿಸಿದ್ದೆ. ಮೊದಲು ಲಕ್ಷ್ಮೇಶ್ವರದ ಹುಡುಗಿ ತುಳಿದಳು. ಎರಡೂ ಕಾಲು ಹೆಚ್ಚುಕಡಿಮೆ ಸಮ. ಆಮೇಲೆ ಇವಳು. ಎಡಗಾಲಿನ ಬಲ ಬಹಳ ಕಡಿಮೆ. ಬಲಗಾಲೇ ಎಲ್ಲ ಎಳೆಯುತ್ತಿತ್ತು. ಲಾಭವೇನೂ ಕಾಣುವುದಿಲ್ಲ ಎಂದು ವೈದ್ಯರು ತಲೆ ಆಡಿಸಿದರು. ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಆದರೆ ಹೊತ್ತು ಹೋದ ಹಾಗೆ ಲಕ್ಷ್ಮೇಶ್ವರದ ಹುಡುಗಿಯ ಎರಡೂ ಕಾಲು ಸೋಲುತ್ತ ಬಂದಿದ್ದವು. ಇವಳ ಎಡಗಾಲು ಕಡಿಮೆಯಿದ್ದದ್ದು ಕಡಿಮೆಯಾಗಿಯೇ, ಇಳಿಯದೆ, ಇದ್ದಲ್ಲೇ ಉಳಿಯಿತು. ತಂದೆ ಬೆರಳು ಮಾಡಿ ಅದನ್ನೇ ತೋರಿಸಿದರು. ಇದು ಯಾಕೆ ಹೀಗೆ ಎಂದು ಚಾಚಾನನ್ನು ಕೇಳಿದೆ.

"ನನಗ ಹೇಳಾಕ ಬರಾಂಗಿಲ್ರಿ. ನಾನು ಕಾಲು ಕೂಡಸ್ತೀನಿ. ಯಾರ ಕಾಲು ಎಷ್ಟು ಸೋಲಬೇಕು ಅನ್ನೂದು ನನಗ್ಯಾಂಗ ತಿಳೀಬೇಕ್ರಿ?"

ವೈದ್ಯರೂ ಖಚಿತವಾಗಿ ಏನೂ ಹೇಳಲಿಲ್ಲ. ಒಬ್ಬಳನ್ನು ಒಂದು ದಿನ ಅಳೆದು ನ್ಯಾಯ ತೀರ್ಮಾನ ಮಾಡಲು ಬರುವುದಿಲ್ಲ ಎಂದಷ್ಟೇ ಅಂದರು.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಆಯ್ಕೆಯ ರೇಸಿಗೆ ಮೊದಲು ಪ್ರತಿಯೊಬ್ಬರಿಗೂ ನಾನು ಮಾಡಿಸುವ ಒಂದು ತಪಾಸಣೆಯಿದೆ. ಸೈಕಲ್ ಪಟುಗಳ ಬೂಟಿನ ಅಡಿಗೂ ಒಂದು ಕೊಕ್ಕೆ ಇರುತ್ತದೆ, ಅದು ಪೆಡಲ್ಲಿಗೆ ಕಚ್ಚಿಕೊಳ್ಳುತ್ತದೆ. ಬೀಳುವ ಹೊತ್ತಿಗೆ ಹಿಮ್ಮಡಿಯನ್ನು ಹೊರಕ್ಕೆ ತಿರುವಿದರೆ ಟಕ್ಕನೆ ಬಿಡುತ್ತದೆ. ಅದು ಅಭ್ಯಾಸವಾಗಿ ಕಾಲಿಗೇ ಗೊತ್ತಿರುತ್ತದೆ. "ಬಿಡು" ಅಂದೆ. ಬೆಳ್ಳಟ್ಟಿ ಹುಡುಗಿಯ ಬಲಗಾಲು ತಕ್ಷಣ ಹೊರಗೆ ಬಂತು. "ಎಡ" ಅಂದೆ.

ಎಡಗಾಲು ಬರಲಿಲ್ಲ. ತಿರುವಲಿಕ್ಕೆ ಅಲ್ಲಿ ಹಿಮ್ಮಡಿಯೇ ಇರಲಿಲ್ಲ. ಇಡೀ ತೊಡೆಯನ್ನು ಹೊರಕ್ಕೆ ಬೀಸಬೇಕು, ಬಟ್ಟಲಿನೊಳಗೆ ಮೊಂಡುಗಾಲು ಜಾರಬೇಕು, ಆಮೇಲೆ ಕೊಳವೆ ತಿರುಗಬೇಕು, ಆಗ ಕೊಕ್ಕೆ ಬಿಡಬೇಕು. ಅವಳು ಒಮ್ಮೆ ಬೀಸಿದಳು, ಮತ್ತೊಮ್ಮೆ ಬೀಸಿದಳು. ತುಟಿ ಕಚ್ಚಿ ಇನ್ನೊಮ್ಮೆ ಬೀಸಿದಾಗ ಬಿಟ್ಟಿತು.

"ಸ್ಪ್ರಿಂಗ್ ಸಡಲ ಮಾಡು," ಅಂದೆ.

"ಸಡಲ ಮಾಡಿದ್ರ ಜೋರ್ ತುಳಿಯೂ ಮುಂದ ತಾನ ಬಿಟ್ಟ ಬಿಡತೈತ್ರಿ ಟೀಚರ್. ಎರಡ ಸಲ ಹಂಗ ಬಿದ್ದೀನಿ."

ಬಿಗಿಯಿದ್ದರೆ ಬಿದ್ದಾಗ ಬಿಡುವುದಿಲ್ಲ. ಸಡಿಲಿದ್ದರೆ ಬಿಟ್ಟು ಬೀಳಿಸುತ್ತದೆ. ನಾನು ತಲೆಯೆತ್ತಿದಾಗ ಲಕ್ಷ್ಮೇಶ್ವರದ ತಂದೆ ಆ ಕೊಕ್ಕೆಯನ್ನೇ ನೋಡುತ್ತಿದ್ದರು. ಮಗಳನ್ನು ಕರೆದುಕೊಂಡು ಹೊರಗೆ ಹೋದರು.

ಅದಾದ ಮೇಲೆ ನಾನು ದಿನಾ ಬೆಳಿಗ್ಗೆ ಸ್ಕೂಟರ್ ತೆಗೆದುಕೊಂಡು ಮುಂಡರಗಿ ರಸ್ತೆಗೆ ಹೋಗತೊಡಗಿದೆ. ಎಲ್ಲ ಊರಿನ ಹುಡುಗಿಯರೂ ಒಟ್ಟಿಗೆ ತಾಲೀಮು ಮಾಡುವುದು ಅಲ್ಲೇ. ಗಾಳಿಯಂತ್ರಗಳ ರೆಕ್ಕೆ ತಿರುಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲದ ರಸ್ತೆ. ಎದುರುಗಾಳಿಗೆ ಹುಡುಗಿಯರು ಒಬ್ಬರ ಹಿಂದೊಬ್ಬರು ಒತ್ತಾಗಿ ಹೋಗುತ್ತಾರೆ, ಗಾಲಿಗೆ ಗಾಲಿ ಅಂಗೈ ಅಗಲದ ಅಂತರ. ಮೊದಲ ದಿನ ಏನೂ ತಿಳಿಯಲಿಲ್ಲ. ಎರಡನೆಯ ದಿನ ಕಣ್ಣಿಗೆ ಬಿತ್ತು. ಬೆಳ್ಳಟ್ಟಿ ಹುಡುಗಿ ಗುಂಪಿನಲ್ಲಿ ಎಲ್ಲಿದ್ದರೂ ಯಾರೋ ಒಬ್ಬಳು ಅವಳ ಬಲಕ್ಕೆ ಬರುತ್ತಿದ್ದಳು. ಬಂದು ಸ್ವಲ್ಪ ಸ್ವಲ್ಪವೇ ಎಡಕ್ಕೆ ಸರಿಯುತ್ತಿದ್ದಳು. ಡಾಂಬರು ಮುಗಿದು ಜಲ್ಲಿ ಶುರುವಾಗುವ ಅಂಚಿಗೆ ಬೆಳ್ಳಟ್ಟಿ ಹುಡುಗಿ ಬಂದುಬಿಡುತ್ತಿದ್ದಳು. ಎಡಕ್ಕೆ ವಾಲಿದವಳು ಎಡಗಾಲು ಊರಬೇಕು. ಇವಳಿಗೆ ಊರಲು ಬರುವುದಿಲ್ಲ. ಪರೀಕ್ಷೆಯ ಮಾತು ಹಬ್ಬಿ ಅದು ಈಗ ಎಲ್ಲರಿಗೂ ಗೊತ್ತಾಗಿತ್ತು. ಪ್ರತಿಸಲವೂ ಅವಳೇ ಬ್ರೇಕು ಹಿಡಿದು ಗುಂಪಿನಿಂದ ಹಿಂದಕ್ಕೆ ಬೀಳುತ್ತಿದ್ದಳು.

ನೀರು ಕುಡಿಯಲು ನಿಂತಾಗ ಒಬ್ಬಳನ್ನು ಕರೆದು ಕೇಳಿದೆ. "ಯಾಕ ಒತ್ತತಿ ಆಕೀನ?"

"ಒತ್ತಿಲ್ರಿ. ಗಾಳಿ ಹಂಗ ಬರತೈತಲ್ರಿ," ಅಂದಳು. ಸುಳ್ಳು ಅನ್ನಲು ಬರುವುದಿಲ್ಲ. ಎದುರುಗಾಳಿ ಖರೆನೇ ಸ್ವಲ್ಪ ಬಲಗಡೆಯಿಂದ ಬೀಸುತ್ತಿತ್ತು.

ನನ್ನ ಮುಂದೆ ಎರಡು ದಾರಿ ಇದ್ದವು. ಅಪಾಯ ಅಂತ ಹೇಳಿ ಅವಳನ್ನು ಗುಂಪಿನಿಂದ ತೆಗೆಯುವುದು. ಇಲ್ಲವೇ ಇಡೀ ಆಯ್ಕೆಯನ್ನೇ ಒಬ್ಬೊಬ್ಬರಾಗಿ, ಗಡಿಯಾರದ ಎದುರಿಗೆ ಓಡಿಸುವುದು. ಎರಡನೆಯದೇ ಸರಿಯೆನಿಸಿ ಬೆಟಗೇರಿಗೆ ಅವಳ ಚಿಕ್ಕಮ್ಮನ ಮನೆಗೆ ಹೋದೆ. ಅವಳು ಪಡಸಾಲೆಯಲ್ಲಿ ಕೂತು ಮೊಂಡುಗಾಲಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಚರ್ಮ ಕೆಂಪಾಗಿತ್ತು. ನಾನು ಹೇಳಿದ್ದನ್ನು ಪೂರ್ತಿ ಕೇಳಿದಳು.

"ಬ್ಯಾಡ್ರಿ ಟೀಚರ್. ಒಬ್ಬಾಕಿನ ತುಳಿಯೂದು ನನಗ ಹೊಸಾದಲ್ಲ. ಸಣ್ಣಾಕಿದ್ದಾಗಿಂದ ಒಬ್ಬಾಕಿನ ಇದ್ದೀನಿ. ನನಗ ಅವರ ನಡಬರಕ ಓಡಸಬೇಕು."

"ಅವರು ನಿನ್ನ ಅಂಚಿಗೆ ಒಯ್ಯಾಕತ್ತ್ಯಾರ. ನಿನಗೂ ಗೊತ್ತೈತಿ."

"ಗೊತ್ತೈತ್ರಿ."

ಆಗ ನನ್ನ ತಲೆಗೆ ಒಂದು ವಿಚಾರ ಹೊಳೆಯಿತು. ಅದು ಸರಿಯೋ ತಪ್ಪೋ ಇವತ್ತಿಗೂ ಹೇಳಲಾರೆ. ಎಲ್ಲರೂ ಒಳಗೊಳಗೇ ತಿಳಿದುಕೊಂಡಿದ್ದನ್ನು ಎಲ್ಲರ ಎದುರಿಗೇ ಬಿಚ್ಚಿಡುವುದು. ರೇಸಿನ ಮುಂಚೆ ಅವಳೇ ನಿಂತು ತನ್ನ ಕಾಲು ಹೇಗೆ ಬಿಡುವುದಿಲ್ಲ ಎಂದು ತೋರಿಸಬೇಕು. ಆಮೇಲೆ ನನಗೆ ತಿಳಿದಿರಲಿಲ್ಲ ಎಂದು ಯಾರೂ ಅನ್ನುವ ಹಾಗಿರಬಾರದು. ಆದರೆ ಅದು ಗುರಾಣಿಯೂ ಆಗಬಹುದು, ಕತ್ತಿಯನ್ನು ಎದುರಾಳಿಯ ಕೈಗೆ ಕೊಟ್ಟ ಹಾಗೂ ಆಗಬಹುದು. ಅದನ್ನೂ ಅವಳಿಗೆ ಹೇಳಿದೆ. ಅವಳು ಎಣ್ಣೆಯ ಕೈ ಒರೆಸಿಕೊಂಡಳು.

"ತೋರಸ್ತೀನ್ರಿ. ಆದ್ರ ಯಾರೂ ಅಯ್ಯೋ ಪಾಪ ಅನಬಾರದು."

ರೇಸು ಶಿರಹಟ್ಟಿಯಿಂದ ಮಾಗಡಿ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗಿ ಹೊಳ್ಳಿ ಬರುವುದು. ಚಳಿಗಾಲ, ಸುಗ್ಗಿಯ ದಿನ. ರೈತರು ಡಾಂಬರಿನ ಮೇಲೇ ತೊಗರಿಯನ್ನು ಒಣಗಲು ಹರವಿ, ಗಾಡಿಗಳು ಮೇಲೆ ಹಾಯಬಾರದೆಂದು ಸುತ್ತ ಕಲ್ಲು ಇಟ್ಟಿರುತ್ತಾರೆ. ಹಿಂದಿನ ದಿನವೇ ದಾರಿಯುದ್ದಕ್ಕೂ ಹೋಗಿ ಕೈಮುಗಿದು ತೆಗೆಸಿದ್ದೆವು. ಬೆಳಿಗ್ಗೆ ರೇಸಿನ ಮುಂದೆ ಹೋಗುವ ಗಾಡಿಯವರು ಮತ್ತೊಮ್ಮೆ ನೋಡಿಕೊಂಡು ಬಂದು ದಾರಿ ಸಾಫ್ ಐತಿ ಅಂದರು.

ಶುರುವಿಗೆ ಮೊದಲು ಎಲ್ಲ ಹುಡುಗಿಯರನ್ನೂ ಶಾಲೆಯ ಕಟ್ಟೆಯ ಹತ್ತಿರ ನಿಲ್ಲಿಸಿದೆ. ಬೆಳ್ಳಟ್ಟಿ ಹುಡುಗಿ ಗೋಡೆಗೆ ಒಂದು ಕೈ ಕೊಟ್ಟು ಸೈಕಲ್ ಮೇಲೆ ಕೂತಳು. ಬಲಗಾಲು ಬಿಡಿಸಿದಳು. ಎಡಗಾಲು ಬಿಡಿಸಲು ಹೋದಳು, ಬರಲಿಲ್ಲ. ತೊಡೆ ಬೀಸಿದಳು, ಬರಲಿಲ್ಲ. ಬರುವತನಕ ಎಲ್ಲರೂ ನೋಡಿದರು.

"ನಾ ಬಿದ್ರ ಸೈಕಲ್ ಸಂಗಾಟ ಬೀಳತೀನಿ," ಅಂದಳು. "ಸೈಕಲ್ ಎಲ್ಲಿ ಹೊಕ್ಕೈತೋ ನನಗ ಗೊತ್ತಾಗಾಂಗಿಲ್ಲ. ಬಾಜೂಕ ಇದ್ದಾಕಿಗೂ ಬಡೀಬಹುದು. ಅಷ್ಟ."

ಯಾರೂ ಪಾಪ ಅನ್ನಲಿಲ್ಲ. ಲಕ್ಷ್ಮೇಶ್ವರದ ಹುಡುಗಿ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಳ್ಳುತ್ತ ಅವಳನ್ನು ಸುಮ್ಮನೆ ನೋಡಿದಳು. ಅವಳ ತಂದೆ ದೂರದಲ್ಲಿ ಬೇವಿನ ಮರದ ಕೆಳಗೆ ಕೈಕಟ್ಟಿ ನಿಂತಿದ್ದರು.

ನಾನು ಮೋಟರ್‌ಸೈಕಲ್ ಹಿಂದೆ ಕೂತು ಗುಂಪನ್ನು ಹಿಂಬಾಲಿಸಿದೆ. ಹೋಗುವಾಗ ಏನೂ ಆಗಲಿಲ್ಲ. ಬೆಳ್ಳಟ್ಟಿ ಹುಡುಗಿ ನಡುವೆಯೇ ಇದ್ದಳು, ಯಾರೂ ಅವಳ ಹತ್ತಿರ ಹೋಗಲಿಲ್ಲ. ಅವಳ ಸುತ್ತ ಒಂದು ಖಾಲಿ ಜಾಗ ಗುಂಪಿನ ಜೊತೆಗೇ ಓಡುತ್ತಿತ್ತು. ಅದನ್ನು ನೋಡಿ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಲಕ್ಷ್ಮೇಶ್ವರದಲ್ಲಿ ತಿರುಗಿದ ಮೇಲೆ ಮುಂದಿನವರು ಜೋರು ಹಿಡಿದರು. ಹಿಂದೆ ಬಿದ್ದವರು ಬಿದ್ದರು, ಗುಂಪು ಸಣ್ಣದಾಯಿತು, ಖಾಲಿ ಜಾಗ ತುಂಬಿತು.

ಮಾಗಡಿ ಸಮೀಪಿಸುತ್ತಿದ್ದಾಗ ಹೊಲಗಳಲ್ಲಿ ಮೇಯುತ್ತಿದ್ದ ಬಾತುಗಳು ಒಮ್ಮೆಲೇ ಎದ್ದು ರಸ್ತೆಯ ಮೇಲೆ ತಗ್ಗಾಗಿ ಹಾರಿ ಕೆರೆಯ ಕಡೆ ಹೋದವು. ಹಿಂದಿನಿಂದ ಇಬ್ಬರು ಹುಡುಗಿಯರು ಬಲಗಡೆಯಿಂದ ಮುಂದೆ ಬರತೊಡಗಿದರು. ಮುಂಡರಗಿ ರಸ್ತೆಯಲ್ಲಿ ಒತ್ತುತ್ತಿದ್ದವರೇ. ಅವರು ಮುಟ್ಟುವ ಮೊದಲೇ ಲಕ್ಷ್ಮೇಶ್ವರದ ಹುಡುಗಿ ಮುಂದಿನ ಸಾಲಿನಿಂದ ಹಿಂದಕ್ಕೆ ಸರಿದು ಬೆಳ್ಳಟ್ಟಿ ಹುಡುಗಿಯ ಬಲಕ್ಕೆ ಬಂದು ಸೇರಿಕೊಂಡಳು. ಮೊದಲ ಸ್ಥಾನದಲ್ಲಿರುವವಳು ಹಿಂದಕ್ಕೆ ಬರುವುದೆಂದರೆ ಒಳ್ಳೆಯದಕ್ಕಲ್ಲ ಎಂದು ನಾನು ಸೀಟಿ ಬಾಯಿಗಿಟ್ಟೆ.

ಊದುವ ಮೊದಲೇ ಆಯಿತು. ಎಡ ಅಂಚಿನಲ್ಲಿ ತೊಗರಿ ಇರಲಿಲ್ಲ, ಆದರೆ ಅದಕ್ಕಿಟ್ಟಿದ್ದ ಕಲ್ಲೊಂದು ಉಳಿದಿತ್ತು. ಮುಂದಿನವಳು ಅದನ್ನು ತಪ್ಪಿಸಿಕೊಂಡಳು. ಬೆಳ್ಳಟ್ಟಿ ಹುಡುಗಿಗೆ ಅದು ಕಂಡಾಗ ಹತ್ತಿರ ಬಂದಾಗಿತ್ತು. ಬಲಕ್ಕೆ ಎಳೆದಳು. ಬಲಕ್ಕೆ ಇನ್ನೊಂದು ಗಾಲಿ ಇತ್ತು. ಇಬ್ಬರೂ ಬಿದ್ದರು. ಬೆಳ್ಳಟ್ಟಿ ಹುಡುಗಿಯ ಬಲಗಾಲು ಬಿಟ್ಟಿತು, ಎಡಗಾಲು ಬಿಡಲಿಲ್ಲ. ಅವಳು ಉರುಳಿದಾಗ ಸೈಕಲ್ಲೂ ಅವಳ ಕಾಲಿಗೇ ಕಟ್ಟಿದ ಹಾಗೆ ಎದ್ದು, ಗಾಳಿಯಲ್ಲಿ ಒಂದು ಸುತ್ತು ಬಂದು, ನೆಲಕ್ಕೆ ಬಿದ್ದಿದ್ದ ಲಕ್ಷ್ಮೇಶ್ವರದ ಹುಡುಗಿಯ ಹೆಗಲ ಮೇಲೆ ಇಳಿಯಿತು. ಆ ಸದ್ದು ಗಾಡಿಯ ಸದ್ದಿನ ಮೇಲೂ ನನಗೆ ಕೇಳಿಸಿತು.

ನಾನು ಓಡಿದೆ. ಬೆಳ್ಳಟ್ಟಿ ಹುಡುಗಿ ತನ್ನ ಕಾಲು ಬಿಡಿಸಿಕೊಳ್ಳಲು ತೊಡೆ ಬೀಸುತ್ತಿದ್ದಳು. ಒಂದೊಂದು ಸಲ ಬೀಸಿದಾಗಲೂ ಸೈಕಲ್ಲು ಕೆಳಗಿನವಳ ಮೇಲೆ ಎಳೆದಾಡುತ್ತಿತ್ತು. "ಅಲುಗಾಡಬ್ಯಾಡ" ಅಂದೆ. ಅವಳು ಕಲ್ಲಾದಳು. ಮೋಟರ್‌ಸೈಕಲ್ಲಿನವನೂ ನಾನೂ ಸೇರಿ ಸೈಕಲ್ಲನ್ನು ಎತ್ತಿ ಹಿಡಿದು, ಕಾಲನ್ನು ತಿರುವಲಾಗದೆ, ಸೈಕಲ್ಲನ್ನೇ ತಿರುವಿ ಬಿಡಿಸಿದೆವು. ಹಿಂದಿನವರು ಒಬ್ಬೊಬ್ಬರಾಗಿ ನಮ್ಮನ್ನು ದಾಟಿ ಹೋದರು.

ಗದಗದ ಆಸ್ಪತ್ರೆಯಲ್ಲಿ ಲಕ್ಷ್ಮೇಶ್ವರದ ಹುಡುಗಿಯ ಹೆಗಲೆಲುಬು ಮುರಿದಿದೆ ಅಂದರು. ಬೆಳ್ಳಟ್ಟಿ ಹುಡುಗಿಯ ಮೊಣಕಾಲು ತಿರುಚಿತ್ತು, ಚರ್ಮ ಹರಿದಿತ್ತು. ಅಂಥಾದ್ದೇನಿಲ್ಲ ಅಂದರು. ಮಾರನೆಯ ದಿನ ಮಧ್ಯಾಹ್ನ ಲಕ್ಷ್ಮೇಶ್ವರದ ಹುಡುಗಿಯನ್ನು ನೋಡಲು ಹೋದೆ. ತಂದೆ ಮಂಚದ ಬದಿಗೆ ಕೂತಿದ್ದರು. ನನ್ನನ್ನು ಬೈಯಲಿಲ್ಲ.

"ನಾ ಹೇಳಿದ್ದು ಇದನ್ನ ಅಲ್ರಿ ಮೇಡಂ," ಅಂದರು. "ನಾ ಹೇಳಿದ್ದು ಬ್ಯಾರೆ. ಆದ್ರ ಆಗಿದ್ದು ಇದು."

ನಾನು ಮಗಳ ಕಡೆ ತಿರುಗಿದೆ. "ಮುಂದ ಇದ್ದಾಕಿ ಹಿಂದ ಯಾಕ ಬಂದಿ?"

ಅವಳು ತಂದೆಯನ್ನು ನೋಡಿದಳು, ಆಮೇಲೆ ಚಾವಣಿಯನ್ನು. "ಅವರಿಬ್ರೂ ಬಲಕ್ಕ ಬರಾಕತ್ತಿದ್ರಲ್ರಿ. ಆ ಜಾಗಾದಾಗ ನಾನ ಇದ್ರ ಅವರು ಬರಾಂಗಿಲ್ಲ ಅಂತ ಬಂದೆ. ಆಕಿಗೆ ಒಂದ ಕೈ ಜಾಗ ಬಿಟ್ಟಿದ್ದೆ. ಕಲ್ಲು ಕಾಣಲಿಲ್ಲ."

ತಂದೆ ಕಿಟಕಿಯ ಕಡೆ ಎದ್ದು ಹೋದರು. "ಯಾರು ಹೇಳಿದ್ರವಾ ನಿನಗ ಹಂಗ ಮಾಡಂತ?"

"ಯಾರೂ ಹೇಳಿಲ್ಲಪ್ಪಾ. ಆಕಿ ತೋರಿಸಿದ್ಲಲ್ಲ."

ಅವಳ ಮಾತನ್ನು ನಾನು ನಂಬಿದೆ. ನಂಬಬೇಕೆಂದು ನಂಬಿದೆನೋ, ಖರೆ ಎಂದು ನಂಬಿದೆನೋ ಬೇರೆ ಮಾತು. ಹಿಂದಿನಿಂದ ನೋಡಿದ ನನ್ನ ಕಣ್ಣಿಗೆ ಕಾಯುವವಳೂ ಒತ್ತುವವಳೂ ಒಂದೇ ಥರ ಕಂಡಿದ್ದರು. ನಾನು ಬೆಳ್ಳಟ್ಟಿ ಹುಡುಗಿಯಿಂದ ಅದನ್ನು ಮಾಡಿ ತೋರಿಸದೇ ಇದ್ದಿದ್ದರೆ ಇವಳು ಅಲ್ಲಿಗೆ ಬರುತ್ತಿರಲಿಲ್ಲ, ಇವಳ ಹೆಗಲು ಮುರಿಯುತ್ತಿರಲಿಲ್ಲ. ಬಹುಶಃ ಆ ಇಬ್ಬರು ಬರುತ್ತಿದ್ದರು. ಆಗ ಏನಾಗುತ್ತಿತ್ತೋ ಹೇಳುವವರು ಯಾರು?

ಸಮಿತಿ ಕೂತಿತು. ಕಾಲು ಲಾಭವೋ ಅಲ್ಲವೋ ಎಂಬ ಮಾತು ಯಾರೂ ಎತ್ತಲಿಲ್ಲ. ಬಿದ್ದಾಗ ಪೆಡಲ್ಲಿನಿಂದ ತಾನಾಗಿ ಬಿಡುವ ಕಾಲು ಬರುವತನಕ ಅವಳನ್ನು ಗುಂಪಿನ ರೇಸಿಗೆ ಬಿಡಬಾರದು, ಒಬ್ಬೊಬ್ಬರಾಗಿ ಓಡುವುದಕ್ಕೆ ಬಿಡಬಹುದು ಎಂದು ಗೊತ್ತುಮಾಡಿದರು. ನಾನೂ ಹೂಂ ಅಂದೆ. ಸೈಕಲ್ಲು ಗಾಳಿಯಲ್ಲಿ ಎದ್ದದ್ದನ್ನು ಕಣ್ಣಾರೆ ಕಂಡವಳು ನಾನು, ಇಲ್ಲ ಅನ್ನಲು ಬಾಯಿ ಬರಲಿಲ್ಲ. ಅವಳಿಗೆ ಹೇಳುವ ಕೆಲಸವನ್ನೂ ನಾನೇ ತೆಗೆದುಕೊಂಡೆ.

ಬೆಳ್ಳಟ್ಟಿಗೆ ಹೋದಾಗ ಅವಳು ಅಂಗಳದಲ್ಲಿ ಕೂತು ಅವ್ವನ ಜೊತೆ ಮೆಣಸಿನಕಾಯಿ ತೊಟ್ಟು ತೆಗೆಯುತ್ತಿದ್ದಳು. ನಾನು ಹೇಳಿದೆ. ಅವ್ವ ಎದ್ದು ಒಳಗೆ ಹೋದಳು. ಹುಡುಗಿ ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದು ಬದಿಗಿಟ್ಟಳು.

"ಆಕಿ ಹೆಗಲು ಹ್ಯಾಂಗೈತ್ರಿ?"

"ಕೂಡಾಕತ್ತೈತಿ."

"ಟೀಚರ್, ನನ್ನ ಕಾಲು ಅವರದಕ್ಕಿಂತ ಚಲೋ ಐತಿ ಅಂತ ತಗದಿದ್ರ ನನಗ ಖುಷಿ ಆಕ್ಕಿತ್ರಿ," ಅಂದಳು. "ಒಂದ ದಿನಕ್ಕಾದ್ರೂ."

ಅವಳ ಪಕ್ಕ ಕೂತು ನಾನೂ ಒಂದಿಷ್ಟು ಕಾಯಿಯ ತೊಟ್ಟು ತೆಗೆದೆ. ಕೈ ಉರಿಯತೊಡಗಿದ ಮೇಲೆ ಎದ್ದು ಬಂದೆ.

ಬೇಸಿಗೆ ಬರುವಷ್ಟರಲ್ಲಿ ಚಾಚಾ ತೊಡೆಯ ಹತ್ತಿರ ಎಳೆದರೆ ಕೆಳಗಿನ ಕೊಕ್ಕೆ ಬಿಡುವಂಥ ಒಂದು ತಂತಿ ಕೂಡಿಸಲು ನೋಡುತ್ತಿದ್ದ. ಇನ್ನೂ ಸರಿಯಾಗಿರಲಿಲ್ಲ. ಒಂದು ಬೆಳಿಗ್ಗೆ ಮುಂಡರಗಿ ರಸ್ತೆಯಲ್ಲಿ ನನ್ನ ಸ್ಕೂಟರಿನ ಎದುರಿಗೆ ಹುಡುಗಿಯರ ಗುಂಪು ಬಂತು. ಲಕ್ಷ್ಮೇಶ್ವರದ ಹುಡುಗಿಯೂ ಇದ್ದಳು, ಒಂದು ಹೆಗಲು ಇನ್ನೂ ಸ್ವಲ್ಪ ತಗ್ಗಾಗಿಯೇ ಇತ್ತು. ಕೊನೆಯಲ್ಲಿದ್ದವಳು ಮತ್ತೆಮತ್ತೆ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು. ಗುಂಪು ನನ್ನನ್ನು ದಾಟಿ ಹೋಯಿತು, ರಸ್ತೆ ಖಾಲಿಯಾಯಿತು. ಆಮೇಲೆ ತಿರುವಿನಿಂದ ಬೆಳ್ಳಟ್ಟಿ ಹುಡುಗಿ ಬಂದಳು. ರೇಸಿನಲ್ಲಿ ಬಿಡಬಾರದು ಅಂದಿದ್ದೆವೇ ಹೊರತು ರಸ್ತೆಯಲ್ಲಿ ಬಿಡಬಾರದು ಅಂದಿರಲಿಲ್ಲ. ಮುಂದಿನವರ ಗಾಳಿಯ ಮರೆಯಿಲ್ಲದೆ, ತಲೆ ಹ್ಯಾಂಡಲ್ಲಿಗೆ ಬಗ್ಗಿಸಿ, ಒಬ್ಬಳೇ ತುಳಿಯುತ್ತಿದ್ದಳು. ನನ್ನನ್ನು ನೋಡಿದಳೋ ಇಲ್ಲವೋ. ನಾನು ಸ್ಕೂಟರ್ ನಿಲ್ಲಿಸಿ ತಿರುಗಿ ನಿಂತು ನೋಡಿದೆ. ಎದುರುಗಾಳಿಯಲ್ಲಿ ಗುಂಪು ದೂರ ಹೋಗುತ್ತಿತ್ತು, ಅವಳೂ ಹೋಗುತ್ತಿದ್ದಳು, ಗುಂಪಿಗೂ ಅವಳಿಗೂ ನಡುವಿನ ರಸ್ತೆ ಕಡಿಮೆಯಾಗುತ್ತ ಬರುತ್ತಿತ್ತು.